ಗಡೀಪಾರು ಮತ್ತು ಕೇಳುವ ಧರ್ಮ

ರಾಜ್ಯವಿದ್ದಲ್ಲಿ ಎಲ್ಲೆಯಿರುವದು, ಎಲ್ಲೆಯಿದ್ದಲ್ಲಿ ಒಳಗಿನವರು, ಹೊರಗಿನವರು ಎಂಬ ಭೇದವೂ ಇರುವದು. ಅಪ್ಪಣೆಯಿಲ್ಲದೆ ಬಂದವರನ್ನು ಹೊರಗೆ ಕಳಿಸುವ ಅಧಿಕಾರವು ಎಲ್ಲ ದೇಶಗಳ ಸರಕಾರಗಳಿಗೂ ಉಂಟು. ನಮ್ಮ ಸುಪ್ರೀಂ ಕೋರ್ಟು 1955ರಲ್ಲಿ ಜರ್ಮನಿಯವನೊಬ್ಬನ ಪ್ರಕರಣದಲ್ಲಿ ಈ ಅಧಿಕಾರಕ್ಕೆ ಮಿತಿಯಿಲ್ಲವೆಂದೇ ಹೇಳಿತು. ಆದಕಾರಣ ಕಳಿಸಬಹುದೋ ಕಳಿಸಬಾರದೋ ಎಂಬದು ಇಲ್ಲಿಯ ಪ್ರಶ್ನೆಯಲ್ಲ. ಕಳಿಸುವ ಮುನ್ನ ಆ ಮನುಷ್ಯನ ಮಾತನ್ನು ಕೇಳುವದು ಕಳಿಸುವವನ ದಯೆಯೋ ಕರ್ತವ್ಯವೋ ಎಂಬದೇ ಪ್ರಶ್ನೆ.

ರಾಮಾಯಣದ ಎರಡು ಪ್ರಸಂಗಗಳನ್ನು ವಾಚಕರು ನೆನೆಯಬೇಕು. ವಿಭೀಷಣನು ಸಮುದ್ರವನ್ನು ದಾಟಿ ಬಂದು ಶರಣು ಬೇಡಿದಾಗ ಸುಗ್ರೀವನು ಅವನನ್ನು ವೈರಿಯ ಗೂಢಚಾರನೆಂದು ಶಂಕಿಸಿದನು. ಶಂಕೆಯು ಅನುಚಿತವಾಗಿರಲಿಲ್ಲ, ಬಂದವನು ರಾವಣನ ಒಡಹುಟ್ಟಿದವನು. ಆದರೂ ರಾಮನು ಅಂಗದ, ಜಾಂಬವಂತ, ಹನುಮಂತ ಮೊದಲಾದವರ ಅಭಿಪ್ರಾಯಗಳನ್ನೆಲ್ಲ ಕೇಳಿ, ಅನಂತರವೇ ಅಭಯವಿತ್ತನು. ಅದೇ ರಾಮನು ಉತ್ತರಕಾಂಡದಲ್ಲಿ ಊರವರ ಅಪವಾದಕ್ಕೆ ಅಂಜಿ ಗರ್ಭಿಣಿಯಾದ ಸೀತೆಯನ್ನು ಕಾಡಿಗಟ್ಟಿದನು. ಅವಳನ್ನು ಒಂದು ಮಾತೂ ಕೇಳಲಿಲ್ಲ. ತನ್ನನ್ನು ಬಿಟ್ಟರೆಂಬದು ಗಂಗೆಯ ಆಚೆಯ ದಡದಲ್ಲಿ ಲಕ್ಷ್ಮಣನು ಅಳುತ್ತ ಹೇಳಿದಾಗಲೇ ಅವಳಿಗೆ ತಿಳಿಯಿತು. ವೈರಿಯ ತಮ್ಮನಿಗೆ ದೊರೆತ ವಿಚಾರಣೆ ಪಟ್ಟದ ರಾಣಿಗೆ ದೊರೆಯಲಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿಸಿ ಕೇಳುವ ಮನೆಗಳಲ್ಲಿ ಈ ಭಾಗಕ್ಕೆ ಕಣ್ಣೊರಸಿಕೊಳ್ಳದವರು ವಿರಳ. ಆ ಕಣ್ಣೀರು ಕಾಡಿನ ಕಷ್ಟಕ್ಕಾಗಿ ಅಷ್ಟಲ್ಲ; ವರ್ಷಗಟ್ಟಲೆ ವನವಾಸ ಮಾಡಿದವಳಿಗೆ ಕಾಡು ಹೊಸದೇ? ಕೇಳದೆ ಕಳಿಸಿದ್ದಕ್ಕಾಗಿ ಆ ಕಣ್ಣೀರು.

ಇನ್ನು ಕೇಳುವವನು ಯಾರಾಗಿರಬೇಕು? ಇದಕ್ಕೆ ನಮ್ಮ ನೆಲವೇ ಸಾಕ್ಷಿ. 1824ರಲ್ಲಿ ಕಿತ್ತೂರಿನ ದತ್ತಕವು ಸಲ್ಲುವದೋ ಇಲ್ಲವೋ ಎಂದು ತೀರ್ಮಾನಿಸಿದವರು ಕಂಪನಿಯವರು. ಸಲ್ಲದಿದ್ದರೆ ಸಂಸ್ಥಾನವನ್ನು ಪಡೆಯುವವರೂ ಅವರೇ. ವಾದಿಯೇ ನ್ಯಾಯಾಸನವನ್ನೇರಿದಂತಾಯಿತು. ಚೆನ್ನಮ್ಮ ರಾಣಿಯವರು ಬೈಲಹೊಂಗಲದ ಸೆರೆಯಲ್ಲಿಯೇ 1829ರ ಫೆಬ್ರುವರಿ 2ರಂದು ಕಾಲವಾದರು. ಎಂತಲೇ ಹೊರಗಟ್ಟುವ ಅಧಿಕಾರಿಯ ಮೇಲೆ ಬೇರೊಬ್ಬ ನ್ಯಾಯಾಧೀಶನು ಇರಬೇಕಾದದ್ದು.

ನಮ್ಮ ಸಂವಿಧಾನವು ಈ ವಿಷಯದಲ್ಲಿ ಶಬ್ದಗಳನ್ನು ತೂಗಿ ಬಳಸಿದೆ. ದೇಶದಲ್ಲಿ ನೆಲೆಸುವ ಹಕ್ಕನ್ನು ಹೇಳುವ 19ನೆಯ ಅನುಚ್ಛೇದವು ನಾಗರಿಕರಿಗಷ್ಟೇ ಸಲ್ಲುತ್ತದೆ. ಸಮತೆಯ 14ನೆಯದೂ ಜೀವ-ಸ್ವಾತಂತ್ರ್ಯಗಳ 21ನೆಯದೂ ಯಾವ ವ್ಯಕ್ತಿಗಾದರೂ ಸಲ್ಲುತ್ತವೆ. ಪರದೇಶದವನಿಗೆ ಇಲ್ಲಿ ಉಳಿಯುವ ಹಕ್ಕಿಲ್ಲ. ಆದರೆ ಕಾಯಿದೆಯ ಕ್ರಮವನ್ನು ಮೀರಿ ಅವನನ್ನು ಹಿಡಿದಿಡುವ ಹಕ್ಕು ಯಾರಿಗೂ ಇಲ್ಲ. ಹಿಡಿದಿಟ್ಟದ್ದು ಅಕ್ರಮವೆಂದು ಅವನು ಹೈಕೋರ್ಟಿಗೆ ಅರ್ಜಿ ಮಾಡಿಕೊಳ್ಳಬಹುದು, ಸುಪ್ರೀಂ ಕೋರ್ಟಿಗೂ ಹೋಗಬಹುದು. ಬಂಧನದಲ್ಲಿರುವವನಿಗೆ 1987ರ ಕಾನೂನು ಸೇವೆಗಳ ಕಾಯಿದೆಯಂತೆ ವೆಚ್ಚವಿಲ್ಲದೆ ವಕೀಲನ ನೆರವೂ ಉಂಟು. 1996ರಲ್ಲಿ ಅರುಣಾಚಲದ ಚಕಮಾ ಜನರನ್ನು ಬಲಾತ್ಕಾರದಿಂದ ಹೊರಡಿಸದಂತೆ ಸುಪ್ರೀಂ ಕೋರ್ಟು ತಡೆದದ್ದು ಈ 21ನೆಯ ಅನುಚ್ಛೇದದ ಬಲದಿಂದಲೇ.

ಕೇಳಿದರೆ ಏನು ಫಲವೆಂಬದಕ್ಕೆ ನೆರೆಯ ಮುಂಡಗೋಡವನ್ನು ನೋಡಬಹುದು. 1966ರಿಂದ ಅಲ್ಲಿ ಟಿಬೇಟಿನವರು ಪರದೇಶದವರೆಂಬ ನೋಂದಣಿ ಪತ್ರದ ಮೇಲೆ ನೆಲೆಸಿದ್ದಾರೆ. ಆದರೆ 1950ರ ಜನೇವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂದು ಪೌರತ್ವದ ಕಾಯಿದೆ ಹೇಳುತ್ತದೆ. ಈ ಮಾತು ಟಿಬೇಟಿನವರ ಮಕ್ಕಳಿಗೂ ಸಲ್ಲುವದೆಂದು ದಿಲ್ಲಿಯ ಹೈಕೋರ್ಟು 2010ರಲ್ಲಿಯೂ ಕರ್ನಾಟಕದ ಹೈಕೋರ್ಟು 2013ರಲ್ಲಿಯೂ ತೀರ್ಪಿತ್ತವು. ಹೊರಗಿನವರೆಂದು ಬರೆಯಿಸಿಕೊಂಡವರು ಒಳಗಿನವರೇ ಆಗಿದ್ದರು; ನ್ಯಾಯಾಸನವು ಅವರ ಮಾತು ಕೇಳುವವರೆಗೆ ಅದು ಇತ್ಯರ್ಥವಾಗಲಿಲ್ಲ.

ನುಸುಳಿ ಬಂದವನಿಗೆ ಇಷ್ಟು ಉಪಚಾರವೇಕೆ ಎಂದು ಕೆಲವರು ಕೇಳುವರು. ಅವನು ನುಸುಳಿ ಬಂದವನೇ ಎಂಬದೇ ತೀರ್ಮಾನವಾಗಬೇಕಾದ ಸಂಗತಿಯಲ್ಲವೇ? ತಾನು ಪರದೇಶಿಯಲ್ಲವೆಂದು ಸಿದ್ಧಮಾಡಿ ತೋರಿಸುವ ಹೊಣೆಯನ್ನು 1946ರ ಕಾಯಿದೆಯು ಆ ಮನುಷ್ಯನ ಮೇಲೆಯೇ ಹೊರಿಸಿತ್ತು. 2025ರ ಸಪ್ಟಂಬರ 1ರಿಂದ ಅದರ ಸ್ಥಾನದಲ್ಲಿ ಬಂದ ಹೊಸ ಕಾಯಿದೆಯಲ್ಲಿಯೂ ಹೊಣೆ ಅವನದೇ. ಬಡವನ ಕಾಗದಗಳಲ್ಲಿಯೋ ಹೆಸರು ಒಂದೊಂದರಲ್ಲಿ ಒಂದೊಂದು ಬಗೆ. ಅಸ್ಸಾಮಿನಲ್ಲಿ ಅಂಥ ಒಬ್ಬನನ್ನು ನ್ಯಾಯಮಂಡಳಿಯು ಪರದೇಶಿಯೆಂದಿತು. ಆಧಾರವಿಲ್ಲದೆ ಯಾರನ್ನೋ ಹಿಡಿದು ಪೌರತ್ವವನ್ನು ಸಿದ್ಧಮಾಡೆನ್ನಲಾಗದು, ಇದ್ದ ಆಧಾರವನ್ನು ಅವನಿಗೂ ತೋರಿಸಬೇಕು ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ನುಡಿದು, ಅವನು ಪರದೇಶಿಯಲ್ಲವೆಂದು ಸಾರಿತು. ಅಷ್ಟರಲ್ಲಿ ಅವನು ತೀರಿಹೋಗಿ ಎರಡು ವರ್ಷಗಳ ಮೇಲಾಗಿತ್ತು. ಅವನನ್ನು ಮೊದಲೇ ಸರಿಯಾಗಿ ಕೇಳಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು?

2025ರ ಫೆಬ್ರುವರಿ 5ರಂದು ಅಮೇರಿಕೆಯ ಸೈನ್ಯದ ವಿಮಾನವೊಂದು 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಪ್ರಯಾಣದಲ್ಲಿ ಅವರಿಗೆ ಬೇಡಿ ತೊಡಿಸಿದ್ದರೆಂದು ಕೇಳಿ ನಮ್ಮ ಮನೆಗಳಲ್ಲಿ ಎಷ್ಟೋ ಜನ ನೊಂದರು. ಪರದೇಶದಲ್ಲಿರುವ ನಮ್ಮ ಮಗನ ಮಾತನ್ನು ಅಲ್ಲಿಯ ನ್ಯಾಯಾಧೀಶನು ಕೇಳಲೇಬೇಕೆನ್ನುವ ನಾವು, ಇಲ್ಲಿ ಅನ್ಯಭಾಷೆಯ ಕೂಲಿಕಾರನೊಬ್ಬನನ್ನು ಹಿಡಿದೊಯ್ದಾಗ ಯಾರೋ ಹೋದನೆಂದು ಸುಮ್ಮನಿರಬಹುದೇ? ದಯೆಯು ಕೊಡುವವನ ಇಷ್ಟ. ಅದನ್ನು ಇಂದು ಕೊಟ್ಟು ನಾಳೆ ಮರೆಯಬಹುದು. ಕೇಳುವದು ಋಣದಂತೆ, ತೀರಿಸಲೇಬೇಕಾದದ್ದು. ಕೇಳಿದ ಮೇಲೆ ಕಳಿಸಬೇಕಾಗಿ ಬಂದರೆ ಕಳಿಸಲಿ. ಆಗ ಹೋಗುವವನಿಗೆ ದುಃಖವಿದ್ದೀತು, ಆದರೆ ಕಳಿಸಿದವನಿಗೆ ದೋಷವಿರಲಾರದು.