ಹಳಿ ಕಟ್ಟಿದ ಗಾಲಿ

ಪಿಯುಸಿ ಮೊದಲ ವರ್ಷಕ್ಕೆ ಭ್ರಮಣ ಚಲನೆಯ ಪಾಠ ಬಂದಾಗಲೆಲ್ಲ ನಾನು ಬೋರ್ಡಿನ ಮೇಲೆ ಮೊದಲು ಬರೆಯುವುದು ಇದೇ ಸಾಲು: ಯಾವ ಕಾಯದ ಯಾವುದೇ ಎರಡು ಕಣಗಳ ನಡುವಿನ ದೂರ ಎಂದೂ ಬದಲಾಗುವುದಿಲ್ಲವೋ ಅದು ದೃಢಕಾಯ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಂಥಾದ್ದು ಎಲ್ಲಿ ಐತ್ರಿ ಮೇಡಂ?" ಎಂದು ಕೇಳಿದಳು.

ಎಲ್ಲಿಯೂ ಇಲ್ಲ. ಕಬ್ಬಿಣದ ಹಾರೆಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿಗೆ ಆ ಸುದ್ದಿ ಆ ಕ್ಷಣಕ್ಕೇ ಮುಟ್ಟುವುದಿಲ್ಲ. ಕಬ್ಬಿಣದೊಳಗೆ ಒತ್ತಡ ಸೆಕೆಂಡಿಗೆ ಸುಮಾರು ಐದು ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಷ್ಟು ಹೊತ್ತು ಹಾರೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಕುಗ್ಗಿರುತ್ತದೆ. ಒಂದಿಷ್ಟೂ ಕುಗ್ಗದ ಕಾಯ ಇದ್ದಿದ್ದರೆ ಸುದ್ದಿ ಬೆಳಕಿಗಿಂತ ಬೇಗ ಹೋಗಬೇಕಾಗುತ್ತಿತ್ತು. 1905ರಲ್ಲಿ ಐನ್‌ಸ್ಟೈನ್ ಆ ದಾರಿಯನ್ನೂ ಮುಚ್ಚಿದರು. ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳದು ಎರಡನೇ ಪ್ರಶ್ನೆ: "ಹಂಗಾರ ಇಲ್ಲದ್ದನ್ನ ಯಾಕ ಕಲೀಬೇಕ್ರಿ?"

ಲೆಕ್ಕಕ್ಕೆ ಬೇಕು, ಸೇತುವೆಗೆ ಬೇಕು, ಯಂತ್ರಕ್ಕೆ ಬೇಕು ಎಂದೆ. ಸುಳ್ಳಲ್ಲ. ಆದರೆ ಆ ಉತ್ತರ ನನಗೇ ಸಾಲಲಿಲ್ಲ. ದೇವರ ಬಗ್ಗೆ ನಾನು ಅವಳ ವಯಸ್ಸಿನಲ್ಲಿ ಅಪ್ಪನಿಗೆ ಕೇಳಿದ್ದೂ ಇದನ್ನೇ. ಅಪ್ಪ ಆಗ ಉತ್ತರ ಕೊಟ್ಟಿರಲಿಲ್ಲ, ಬಾಚಿ ಹಿಡಿದು ಕೆಲಸ ಮುಂದುವರಿಸಿದ್ದ.

ನಮ್ಮೂರು ಮೆಳವಂಕಿ. ಗೋಕಾಕ ತಾಲೂಕು, ಘಟಪ್ರಭೆಯ ದಂಡೆ. ಅಪ್ಪ ಬಡಿಗ, ಚಕ್ಕಡಿ ಮಾಡುತ್ತಿದ್ದ. ಟ್ರ್ಯಾಕ್ಟರು ಬಂದು, ರಬ್ಬರ್ ಗಾಲಿ ಬಂದು ಆ ಕೆಲಸ ನಿಲ್ಲುವ ತನಕ ನಮ್ಮ ಮನೆ ಮುಂದಿನ ಬಯಲಲ್ಲಿ ವರ್ಷಕ್ಕೆ ನಾಲ್ಕಾರು ಸಲ ಮರದ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದು ನಡೆಯುತ್ತಿತ್ತು. ನಾನು ಕಂಡ ಮೊದಲ ದೃಢಕಾಯ ಹಾಗೆ ಹಳಿ ಕಟ್ಟಿದ ಗಾಲಿ. ಅದನ್ನು ಕಟ್ಟುವುದನ್ನೂ ಕಂಡಿದ್ದೇನೆ. ಪಠ್ಯಪುಸ್ತಕ ಬರೆದವರಲ್ಲಿ ಎಷ್ಟು ಜನರಿಗೆ ಆ ಭಾಗ್ಯ ಸಿಕ್ಕಿತ್ತೋ.

ಮರದ ಗಾಲಿ ಒಂದೇ ಮರದ್ದಲ್ಲ. ನಡುವೆ ಜಾಲಿಯ ದಪ್ಪ ದಿಮ್ಮಿ, ಅದರಿಂದ ಹೊರಟ ಹನ್ನೆರಡು ಅರ, ಅರಗಳ ತುದಿಗೆ ಸುತ್ತಲೂ ಬಾಗಿದ ಆರು ತುಂಡು. ಎಲ್ಲ ಸೇರಿ ಹತ್ತೊಂಬತ್ತು ಕಟ್ಟಿಗೆ. ಹಳಿ ಬೀಳುವ ತನಕ ಅದು ಗಾಲಿಯಲ್ಲ; ಎತ್ತಿ ಹಿಡಿದರೆ ಕಟಕಟ ಅನ್ನುವ, ಹೊತ್ತು ನಡೆದರೆ ಬಿಚ್ಚಿ ಬೀಳುವ ಹತ್ತೊಂಬತ್ತು ಕಟ್ಟಿಗೆ ಅಷ್ಟೇ. ಅಪ್ಪ ದಾರ ಸುತ್ತಿ ಅಳತೆ ತೆಗೆದು ಕಂಬಾರ ಕಾಕಾನಿಗೆ ಕೊಡುತ್ತಿದ್ದ. ಆ ದಾರವನ್ನು ಕೊಡುವ ಮೊದಲು ತುದಿಯಲ್ಲಿ ಅರ್ಧ ಬೆರಳಿನಷ್ಟು ಕತ್ತರಿಸುತ್ತಿದ್ದ. ನಾನು ಅಳತೆ ತಪ್ಪಿತೆಂದು ತಿಳಿದು ಹೇಳಿದರೆ, "ಸರೀ ಅಳತಿ ಕೊಟ್ರ ಹಳಿ ನಿಲ್ಲಾಂಗಿಲ್ಲವ್ವಾ. ಗಾಲೀಕಿಂತ ಸಣ್ಣದ ಇರಬೇಕು" ಎಂದಿದ್ದ. ದೊಡ್ಡ ಗಾಲಿಗೆ ಚಿಕ್ಕ ಹಳಿ ಹೇಗೆ ಕೂಡುತ್ತದೆ ಎಂದು ನಾನು ಆ ರಾತ್ರಿಯೆಲ್ಲ ಯೋಚಿಸಿದ್ದೆ.

ಬೆಳಿಗ್ಗೆ ಕುಳ್ಳನ್ನು ಬಳೆಯ ಹಾಗೆ ಜೋಡಿಸಿ, ಅದರೊಳಗೆ ಹಳಿ ಹೂತು ಬೆಂಕಿ ಹಚ್ಚುತ್ತಿದ್ದರು. ಕಬ್ಬಿಣ ಕೆಂಪೇರಿದ ಮೇಲೆ ಮೂರು ಜನ ಇಕ್ಕಳದಿಂದ ಎತ್ತಿ ಗಾಲಿಯ ಮೇಲೆ ಇಳಿಸಬೇಕು. ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ. ಕಟ್ಟಿಗೆ ಭುಗ್ಗನೆ ಹತ್ತಿಕೊಳ್ಳುತ್ತಿತ್ತು, ಸುತ್ತಿಗೆ ಏಟು ಬೀಳುತ್ತಿತ್ತು, ಹೆಂಗಸರು ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹೊಗೆ, ಹಬೆ, ಸುಟ್ಟ ಜಾಲಿಯ ವಾಸನೆ. ಆ ಹಬೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಹತ್ತೊಂಬತ್ತು ಕಟ್ಟಿಗೆ ಒಂದರೊಳಗೊಂದು ಕಿರುಗುಟ್ಟುತ್ತ ಒತ್ತಿಕೊಳ್ಳುವ ಸದ್ದು. ಮುಂದೆ ಕಾಲೇಜಿನಲ್ಲಿ ನಾನು ಲೆಕ್ಕ ಹಾಕಿ ನೋಡಿದೆ: ನಾಲ್ಕೂವರೆ ಅಡಿ ಅಡ್ಡಳತೆಯ ಹಳಿ ಐನೂರು ಡಿಗ್ರಿ ಕಾಯ್ದರೆ ಅದರ ಸುತ್ತಳತೆ ಒಂದು ಇಂಚಿನಷ್ಟು ಹಿಗ್ಗುತ್ತದೆ. ಅಪ್ಪನ ಅರ್ಧ ಬೆರಳಿಗೆ ಅದು ಧಾರಾಳವಾಗಿ ಸಾಕು. ಆರಿದಾಗ ಹಳಿ ಹಿಂದಿನ ಅಳತೆಗೆ ಮರಳಲು ಹೋಗುತ್ತದೆ, ಗಾಲಿ ಬಿಡುವುದಿಲ್ಲ. ಆ ಹಟದಿಂದಲೇ ಗಾಲಿ ಒಂದು ಕಾಯವಾಗುತ್ತದೆ.

ಶ್ರಾವಣದಲ್ಲಿ ತಿಂಗಳಿಡೀ ಮಠದಲ್ಲಿ ಪ್ರವಚನ. ಅಪ್ಪ ಕೆಲಸ ಮುಗಿಸಿ ಕೈಕಾಲು ತೊಳೆದು ಹೋಗುತ್ತಿದ್ದ, ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು. ಬಸವಣ್ಣನ ಸ್ಥಾವರ–ಜಂಗಮದ ಮಾತು ನಾನು ಕೇಳಿದ್ದು ಅಲ್ಲಿ: ಕಟ್ಟಿ ನಿಲ್ಲಿಸಿದ್ದು ಅಳಿಯುತ್ತದೆ, ಚಲಿಸುವುದು ಉಳಿಯುತ್ತದೆ. ಅದೇ ಸ್ವಾಮಿಗಳು ಮರುದಿನ ದೃಢಭಕ್ತಿ ಬೇಕು, ಅಲುಗದ ನಿಷ್ಠೆ ಬೇಕು ಎನ್ನುತ್ತಿದ್ದರು. ನನಗೆ ಎರಡೂ ಒಟ್ಟಿಗೆ ಕೂಡುತ್ತಿರಲಿಲ್ಲ. ದೃಢವೆಂದರೆ ಅಲುಗದ್ದು, ಅಲುಗದ್ದು ಸ್ಥಾವರ, ಸ್ಥಾವರಕ್ಕೆ ಅಳಿವಿದೆ. ಹಾಗಾದರೆ ದೃಢವಾಗಿರುವುದು ಏಕೆ?

ಈ ಗಂಟು ಬಿಡಿಸಿಕೊಳ್ಳಲು ನನಗೆ ದಾರಿ ಮಾಡಿಕೊಟ್ಟದ್ದು ಉರುಳುವ ಗಾಲಿಯ ಲೆಕ್ಕ. ಚಕ್ಕಡಿ ಹೋಗುತ್ತಿರುವಾಗ ಗಾಲಿಯ ನೆತ್ತಿ ಚಕ್ಕಡಿಯ ಎರಡು ಪಟ್ಟು ವೇಗದಲ್ಲಿ ಮುಂದೆ ಓಡುತ್ತದೆ. ನೆಲ ಮುಟ್ಟಿದ ಬಿಂದು ಮಾತ್ರ ಆ ಕ್ಷಣಕ್ಕೆ ಪೂರ್ತಿ ನಿಂತಿರುತ್ತದೆ. ಜಾರದೆ ಉರುಳುವ ಯಾವ ಗಾಲಿಗೂ ಇದು ತಪ್ಪಿದ್ದಲ್ಲ. ಮರುಕ್ಷಣ ಆ ಬಿಂದು ಎದ್ದು ಹೋಗುತ್ತದೆ, ಪಕ್ಕದ್ದು ಬಂದು ನಿಲ್ಲುತ್ತದೆ. ನಿಂತ ಆ ಬಿಂದುವನ್ನು ನೆಲ ಹಿಡಿಯದೆ ಹೋದರೆ ಗಾಲಿ ಕೆಸರಿನಲ್ಲಿ ಸಿಕ್ಕ ಹಾಗೆ ಜಾರುತ್ತದೆ. ಮೊದಲ ಸಲ ಇದು ಅರ್ಥವಾದಾಗ ನಾನು ಹಾಸ್ಟೆಲ್ ಕೋಣೆಯಲ್ಲಿ ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗಣಿತಜ್ಞ ಆಯ್ಲರನದೂ ಒಂದು ಮಾತಿದೆ. ಪಾದ್ರಿಯ ಮಗ, ಕೊನೆಯ ತನಕ ದೈವಭಕ್ತ. ದೃಢಕಾಯಗಳ ಚಲನೆಯ ಮೇಲಿನ ಅವನ ದೊಡ್ಡ ಗ್ರಂಥ ಬಂದದ್ದು 1765ರಲ್ಲಿ. ಹತ್ತು ವರ್ಷದ ನಂತರ, ಎರಡೂ ಕಣ್ಣು ಬಹುಮಟ್ಟಿಗೆ ಹೋದ ಮೇಲೆ, ಅವನು ಇದನ್ನು ಸಾಧಿಸಿ ತೋರಿಸಿದ: ಒಂದು ಬಿಂದುವನ್ನು ಹಿಡಿದು ದೃಢಕಾಯವನ್ನು ಹೇಗೆ ಬೇಕಾದರೂ ತಿರುವಿ ಇಡಿ, ಮೊದಲಿನ ಜಾಗದಲ್ಲೇ ಉಳಿದ ಒಂದು ಗೆರೆ ಅದರಲ್ಲಿ ಇದ್ದೇ ಇರುತ್ತದೆ. ನೀವು ಅದನ್ನು ಬೇಕೆಂದು ಉಳಿಸಿಕೊಂಡದ್ದಲ್ಲ. ತಿರುಗಿದ್ದರಿಂದಲೇ ಅದು ತೋರಿತು.

ದೃಢಕಾಯಕ್ಕೆ ಚಲಿಸುವ ದಾರಿ ಆರು: ಸರಿಯುವುದಕ್ಕೆ ಮೂರು, ತಿರುಗುವುದಕ್ಕೆ ಮೂರು. ಶರಣರು ಹೇಳುವ ಭಕ್ತಿಯ ಮೆಟ್ಟಿಲುಗಳು, ಷಟ್‌ಸ್ಥಲವೂ ಆರು ಎಂದು ನೆನಪಿಸಿದ ಗೆಳತಿಯೊಬ್ಬಳಿದ್ದಾಳೆ. ಆರಕ್ಕೆ ಆರು ಕೂಡಿಸಿ ಹಿಗ್ಗುವುದು ನನಗೆ ಸೇರದು. ಶರಣರಿಗೂ ಅದರಿಂದ ಏನೂ ಆಗಬೇಕಾದ್ದಿಲ್ಲ, ಆಯ್ಲರನಿಗೂ ಇಲ್ಲ. ಆದರೆ ಬಳೆಯ ದ್ರವ್ಯಕೇಂದ್ರ ಬಳೆಯಲ್ಲಿಲ್ಲ, ಅದರ ನಡುವಿನ ಬಯಲಲ್ಲಿದೆ ಎಂದು ಪಾಠ ಮಾಡುವಾಗ ನನಗೆ ಬಯಲನ್ನೇ ನುಡಿದ ಅಲ್ಲಮಪ್ರಭು ನೆನಪಾಗದೆ ಇರುವುದಿಲ್ಲ.

ಇಷ್ಟರ ತನಕ ನಾನು ದೃಢತೆಯನ್ನು ಹೊಗಳಿಕೊಂಡೇ ಬಂದೆ. ಬೋರ್ಡಿನ ಮೇಲಿನ ಆ ಸಾಲನ್ನು ಇನ್ನೊಮ್ಮೆ ಓದಿದರೆ ಭಯವಾಗುತ್ತದೆ. ಯಾವುದೇ ಎರಡರ ನಡುವಿನ ದೂರ ಎಂದೂ ಬದಲಾಗುವುದಿಲ್ಲ. ನಮ್ಮ ಹಳ್ಳಿಗಳು ಇದ್ದದ್ದು ಹಾಗೇ ಅಲ್ಲವೇ? ಯಾರ ಕೇರಿ ಎಲ್ಲಿ, ಯಾರು ಕಟ್ಟೆಯ ಮೇಲೆ, ಯಾರು ಕೆಳಗೆ, ಯಾರಿಗೆ ನೀರು ಮೇಲಿಂದ ಸುರಿಯಬೇಕು. ಊರು ಬೆಳೆದರೂ ಸರಿದರೂ ಆ ದೂರಗಳು ಹಾಗೇ ಉಳಿದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಇಬ್ಬರು ತಂದೆಯರೂ ಜೀವ ತೆತ್ತರು ಎಂದು ಪರಂಪರೆ ಹೇಳುತ್ತದೆ. ಎರಡು ಕಣಗಳ ನಡುವಿನ ದೂರ ಕಡಿಮೆ ಮಾಡಿದ್ದಕ್ಕೆ ಬಂದ ಶಿಕ್ಷೆ ಅದು. ಶರಣರು ಕೇಳಿದ ನಿಷ್ಠೆ ಆ ದೂರದ್ದಾಗಿರಲು ಸಾಧ್ಯವೇ ಇಲ್ಲ.

ಹಾಗಾಗಿ ನಾನು ಅಪ್ಪನ ಕಡೆಗೆ ತಿರುಗುತ್ತೇನೆ. ಅಪ್ಪ 'ದೃಢ' ಎನ್ನುತ್ತಿರಲಿಲ್ಲ, 'ಬಿಗಿ' ಎನ್ನುತ್ತಿದ್ದ. ಪುಸ್ತಕದ ದೃಢತೆ ದೂರ ಕಾಯುತ್ತದೆ. ಅಪ್ಪನ ಬಿಗಿ ಒಂದನ್ನೊಂದು ಮುಟ್ಟಿ ಒತ್ತಿಕೊಂಡದ್ದು. ಒಂದು ಅರ ಸಡಿಲಾದರೆ ಉಳಿದ ಹನ್ನೊಂದಕ್ಕೂ ಗೊತ್ತಾಗುತ್ತದೆ. ಪುಸ್ತಕದ್ದು ಎಲ್ಲಿಯೂ ಇಲ್ಲ. ಇದು ನಮ್ಮ ಅಂಗಳದಲ್ಲಿತ್ತು, ಮತ್ತು ಇದನ್ನು ಆಗಾಗ ಕಟ್ಟುತ್ತಲೇ ಇರಬೇಕಿತ್ತು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ರೈತರು ಚಕ್ಕಡಿಯನ್ನು ಹಳ್ಳದ ನೀರಿನಲ್ಲಿ ಇಳಿಸಿ ಗಾಲಿ ನೆನೆಸುತ್ತಿದ್ದರು. ನೀರು ಕುಡಿದ ಕಟ್ಟಿಗೆ ಉಬ್ಬಿ ಮತ್ತೆ ಹಳಿಯನ್ನು ಹಿಡಿಯುತ್ತಿತ್ತು.

2019ರ ಆಗಸ್ಟಿನಲ್ಲಿ ಘಟ್ಟದ ಮಳೆ ನಿಲ್ಲಲಿಲ್ಲ, ಹಿಡಕಲ್ ಆಣೆಕಟ್ಟಿನಿಂದ ನೀರು ಬಿಟ್ಟರು, ಗೋಕಾಕದ ಹತ್ತಿರ ಲೋಳಸೂರ ಸೇತುವೆಯ ಮೇಲೇ ನೀರು ಹರಿಯಿತು. ನಮ್ಮ ಮಣ್ಣಿನ ಗೋಡೆ ಎರಡೇ ದಿನದಲ್ಲಿ ಕರಗಿ ಕೂತಿತು. ಗಂಜಿ ಕೇಂದ್ರದಲ್ಲಿ ಎಲ್ಲ ಕೇರಿಯವರೂ ಒಂದೇ ಹಾಲಿನಲ್ಲಿ ಮಲಗಿದರು, ಒಂದೇ ಬೋಗುಣಿಯ ಅನ್ನ ಉಂಡರು. ಅವ್ವನ ಮಗ್ಗುಲಿಗೆ ಮಲಗಿದ್ದ ಅಜ್ಜಿ ಅಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟಿರಲಿಲ್ಲ. ರಾತ್ರಿ ಅವ್ವನಿಗೆ ಚಳಿ ಬಂದಾಗ ಆಕೆ ತನ್ನ ಕೌದಿಯ ಅರ್ಧ ಹೊದಿಸಿದಳು. ನೀರು ಇಳಿಯಿತು, ಎಲ್ಲರೂ ಅವರವರ ಕೇರಿಗೆ ಹೋದರು. ಆ ಅಜ್ಜಿ ಮಾತ್ರ ದೀಪಾವಳಿಗೆ ನಮ್ಮ ಮನೆಗೆ ಬಂದಳು, ಒಳಗೆ ಬಂದು ಕೂತಳು.

ನೀರು ಇಳಿದ ಮೇಲೆ ರಾಡಿ ತೆಗೆಯಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಹಿತ್ತಲ ಗೋಡೆಗೆ ಇಪ್ಪತ್ತು ವರ್ಷದಿಂದ ಆನಿಸಿಟ್ಟಿದ್ದ ಹಳೆಯ ಗಾಲಿಯೊಂದು ರಾಡಿಯೊಳಗೆ ಮಲಗಿತ್ತು. ಅದರ ಹಳಿ ಬೆರಳು ತೂರುವಷ್ಟು ಸಡಿಲಾಗಿದ್ದದ್ದು ನನಗೆ ಗೊತ್ತಿತ್ತು. ಅಪ್ಪ ಅದನ್ನು ಎತ್ತಿ ನಿಲ್ಲಿಸಿ, ಕೈಗೆ ಸಿಕ್ಕ ಕಲ್ಲಿನಿಂದ ಹಳಿಗೆ ಬಡಿದ. ಠಣ್ಣೆಂದಿತು. ಇನ್ನೊಂದು ಕಡೆ ಬಡಿದ, ಅಲ್ಲಿಯೂ ಠಣ್. ಕಿವಿ ಹಚ್ಚಿ ಕೇಳಿದ.

"ಬಿಗೀ ಆಗೈತಿ ನೋಡವ್ವಾ," ಅಂದ. "ಆದ್ರ ಒಣಗಿದ ಮ್ಯಾಲ ಮತ್ತ ಸಡ್ಲ ಆಗ್ತೈತಿ. ಆಗಾಗ ನೀರ ಹಾಕ್ಕೋತ ಇರಬೇಕು."

ಮರುವರ್ಷ ಅಪ್ಪ ತೀರಿಕೊಂಡ. ಗಾಲಿ ಈಗ ಹೊಸ ಮನೆಯ ಹಿತ್ತಲಲ್ಲಿದೆ. ಊರಿಗೆ ಹೋದಾಗಲೆಲ್ಲ ಒಂದು ಕೊಡ ನೀರು ಹಾಕಿ, ಕಲ್ಲು ತಗೊಂಡು ಬಡಿದು ನೋಡುತ್ತೇನೆ.