ದಾನವೂ ದಾನಪಾಲನೆಯೂ



ಪರಶುರಾಮದೇವರು ರಕ್ತಸಿಕ್ತವಾದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದಾಗ, ಕೆಂಪೇರಿದ ನೀರನ್ನು ಕಂಡ ಹೆಂಗಳೆಯರು ‘ಅಯ್ಯೋ ಹೊಳೆ’ ಎಂದರೆಂದೂ ಅದರಿಂದಲೇ ಐಹೊಳೆಯೆಂಬ ಹೆಸರು ಬಂದಿತೆಂದೂ ನಮ್ಮ ಭಾಗದ ಐತಿಹ್ಯ. ಅದೇ ಉದ್ಗಾರವನ್ನು ಈ ಸೀಮೆಯ ಜನರು ನಮ್ಮ ಕಾಲದಲ್ಲಿಯೂ ಹೊರಡಿಸಬೇಕಾಯಿತು. 2009ರ ಮಹಾಮಳೆಯಲ್ಲಿ ಉತ್ತರ ಕರ್ನಾಟಕವೇ ನೀರಿನಲ್ಲಿ ನಿಂತಿತು. ಆ ಅಕ್ಟೋಬರ್ 2ರಂದು ತುಂಗಭದ್ರೆಯು ಮಂತ್ರಾಲಯವನ್ನೂ ಆವರಿಸಿದಳು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ಪಟ್ಟದಕಲ್ಲಿನ ದೇಗುಲಗಳ ಆವರಣವನ್ನು ಹೊಕ್ಕಿತು. ಐಹೊಳೆಯ ದಂಡೆಯನ್ನೂ ಬಿಡಲಿಲ್ಲ. ಇಂಥ ಸಮಯದಲ್ಲಿ ದೂರದ ಊರುಗಳಲ್ಲಿರುವ ನಮ್ಮವರು ‘ಯಾರ ಕೈಗೆ ಕೊಡೋಣ?’ ಎಂದು ವಿಚಾರಿಸುವುದುಂಟು.

ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟದ್ದೇ ಸಾತ್ತ್ವಿಕ ದಾನವೆಂದು ಗೀತಾಚಾರ್ಯನು ಹದಿನೇಳನೆಯ ಅಧ್ಯಾಯದಲ್ಲಿ ಬೋಧಿಸಿದ್ದಾನೆ. ನೆರೆಯಲ್ಲಿ ಗೋಡೆ ಕುಸಿದು ಬಯಲಲ್ಲಿ ಕುಳಿತವನ ಪಾತ್ರತೆಯನ್ನು ಕೆದಕುವುದು ಅನುಚಿತ. ಅವನ ಕುಲಗೋತ್ರ ನಮಗೇಕೆ? ಪರೀಕ್ಷಿಸಬೇಕಾದುದು ನಡುವೆ ನಿಂತು ನಮ್ಮ ಹಣವನ್ನು ಒಯ್ಯುವವರ ಪಾತ್ರತೆಯನ್ನು. ತೂತುಬಿದ್ದ ಪಾತ್ರೆಯಲ್ಲಿ ಹಾಲು ಕೊಟ್ಟುಕಳಿಸಿದರೆ ಹಸಿದ ಮಗುವಿಗೆ ಮುಟ್ಟುವುದೇನು? ಪರೀಕ್ಷೆ ಮಾಡುವುದು ಅಶ್ರದ್ಧೆಯೆಂದು ಕೆಲವರು ಸಂಕೋಚಪಡುತ್ತಾರೆ. ಸಂಪತ್ತೆಲ್ಲ ಶ್ರೀಹರಿಯದು, ನಾವು ಅಸ್ವತಂತ್ರರು ಎಂಬ ಸಿದ್ಧಾಂತವನ್ನು ಒಪ್ಪಿದವರು ಒಡೆಯನ ಹಣದಲ್ಲಿ ಅಲಕ್ಷ್ಯ ತೋರುವುದಾದರೂ ಹೇಗೆ? ‘ಕೃಷ್ಣಾರ್ಪಣ’ವೆಂದು ನೀರು ಬಿಡುವ ಮೊದಲು ಆ ವಿಚಾರ ಮುಗಿದಿರಬೇಕು.

ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಅಂಗೀಕರಿಸಿ, ಮೂರಕ್ಕೂ ನಿರ್ದೋಷತೆಯನ್ನು ಕಡ್ಡಾಯ ಮಾಡಿದರು. ಲೋಕವ್ಯವಹಾರಕ್ಕೂ ಈ ಕ್ರಮ ಸಲ್ಲುತ್ತದೆ. ಸಾಧ್ಯವಾದರೆ ಕಣ್ಣಾರೆ ಕಾಣಬೇಕು. ಇಲ್ಲವೇ ಅಲ್ಲಿನ ನಂಬುಗೆಯ ಬಂಧುವೊಬ್ಬರನ್ನು ಕೇಳಬೇಕು. ಹಿಂದಿನ ನೆರೆಯಲ್ಲಿ ಆ ಸಂಸ್ಥೆ ಏನು ಮಾಡಿತ್ತೆಂಬುದರಿಂದ ಮುಂದಿನದನ್ನು ಊಹಿಸಬಹುದು. ನೆರೆ ಬಂದ ಮರುದಿನ ಹುಟ್ಟಿದ ಸಮಿತಿಗೆ ಅಂಥ ಲಿಂಗವೇ ಇಲ್ಲ. ಇನ್ನು ಶಬ್ದವೆಂದರೆ ಲೆಕ್ಕಪರಿಶೋಧಕರು ಒಪ್ಪಿದ ವಾರ್ಷಿಕ ಲೆಕ್ಕ. ಕಣ್ಣೀರು ತರಿಸುವ ಚಿತ್ರ, ಯಾರೋ ಮುಂದೆ ಕಳಿಸಿದ ಸಂದೇಶ, ಇವು ನಿರ್ದೋಷ ಶಬ್ದವಲ್ಲ. 2020ರ ಮಾರ್ಚಿನಲ್ಲಿ ‘ಪಿಎಂ ಕೇರ್ಸ್’ ನಿಧಿಯ ಯುಪಿಐ ವಿಳಾಸವನ್ನೇ ಹೋಲುವ, ಒಂದೇ ಒಂದು ಅಕ್ಷರ ಕಡಿಮೆಯಿದ್ದ ಕಳ್ಳ ವಿಳಾಸವನ್ನು ವಂಚಕರು ಹರಡಿದ್ದರು. ಆದುದರಿಂದ ವಿಳಾಸವನ್ನು ಸಂಸ್ಥೆಯ ಕಚೇರಿಯಿಂದಲೇ ಪಡೆಯತಕ್ಕದ್ದು.

ಈ ಜಾಗರೂಕತೆ ನಮ್ಮ ನೆಲಕ್ಕೆ ಹೊಸದೇನಲ್ಲ. ಇದೇ ಊರಿನ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ದಕ್ಷಿಣ ದೇಶದಲ್ಲೆಲ್ಲ ವ್ಯಾಪಾರ ನಡೆಸಿ, ಸರಕಿನ ಹೇರಿಗಿಷ್ಟು ಎಂದು ಗೊತ್ತುಮಾಡಿ ದೇವಾಲಯಗಳಿಗೆ ಕೊಡುತ್ತಿತ್ತು. ಅಂಥ ದಾನವನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು: ಕೊಟ್ಟವರು ಯಾರು, ಕೊಟ್ಟದ್ದೆಷ್ಟು, ಯಾವ ಕಾರ್ಯಕ್ಕೆ, ಯಾರ ವಶಕ್ಕೆ. ದಾನವನ್ನು ಕೆಡಿಸಿದವನಿಗೆ ವಾರಾಣಸಿಯಲ್ಲಿ ಗೋವುಗಳನ್ನು ಕೊಂದ ಪಾಪವೆಂಬ ಶಾಪವೂ ಹಲವು ಶಾಸನಗಳ ಕೊನೆಯಲ್ಲಿ ಉಂಟು. ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದೇ ಹಿರಿದೆಂಬ ಮಾತಂತೂ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಂದಿನ ರಸೀದಿಯಲ್ಲಿಯೂ ಇವೇ ಸಂಗತಿಗಳಿರಬೇಕು. ಜೊತೆಗೆ ಸಂಸ್ಥೆಯ ನೋಂದಣಿ ಸಂಖ್ಯೆಯೂ ಪ್ಯಾನ್ ಸಂಖ್ಯೆಯೂ. 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗದು. ಚೆಕ್ಕಿನಿಂದ ಕೊಟ್ಟರೆ ಗುರುತೂ ಉಳಿಯುತ್ತದೆ. ಆದರೆ ವಿನಾಯಿತಿ ಇದೆಯೆಂದ ಮಾತ್ರಕ್ಕೆ ಕೆಲಸ ಚೆನ್ನಾಗಿದೆಯೆಂದು ಭಾವಿಸಲಾಗದು.

ಪ್ರಾಮಾಣಿಕತೆಯೊಂದೇ ಸಾಲದು, ವಿವೇಕವೂ ಬೇಕು. 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ ಹಳೆಯ ಬಟ್ಟೆಗಳು ಬಳಸುವವರಿಲ್ಲದೆ ರಸ್ತೆಬದಿಯಲ್ಲಿ ರಾಶಿಬಿದ್ದವು. 2009ರ ನೆರೆಯ ನಂತರ ಸರ್ಕಾರವು ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಮನೆಗಳನ್ನು ಕಟ್ಟಿಸಿತು. ದನಕರುಗಳಿಗೂ ಕಾಳುಕಡಿಗೂ ಇಂಬಿಲ್ಲ, ಹೊಲ ದೂರವಾಯಿತು ಎಂದು ಎಷ್ಟೋ ಒಕ್ಕಲುಗಳು ಅಲ್ಲಿಗೆ ಹೋಗದೆ ಹೊಳೆಯ ದಂಡೆಯಲ್ಲಿಯೇ ಉಳಿದವು. ಹತ್ತು ವರ್ಷಗಳ ಮೇಲೆ ಮತ್ತೆ ನೀರು ಬಂದಾಗಲೂ ಹೊಳೆದಂಡೆಯ ಮನೆಗಳಲ್ಲಿ ಜನರಿದ್ದರು. ಇಲ್ಲಿ ಯಾರೂ ಹಣ ಕದಿಯಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ದಾನ ಅರ್ಧ ಫಲಿಸಿತು. ಆದುದರಿಂದ ‘ಲೆಕ್ಕ ತೋರಿಸುವಿರಾ?’ ಎಂಬುದರೊಡನೆ ‘ಸಂತ್ರಸ್ತರನ್ನು ಕೇಳಿ ಕೆಲಸ ಮಾಡುವಿರಾ?’ ಎಂದೂ ವಿಚಾರಿಸಬೇಕು. ಅಕ್ಕಿಯ ಚೀಲಗಳು ಮೊದಲ ವಾರ ಎಲ್ಲ ಕಡೆಯಿಂದಲೂ ಬರುತ್ತವೆ. ಬಿತ್ತನೆಯ ಬೀಜ, ಮಕ್ಕಳ ಪುಸ್ತಕ, ಎಮ್ಮೆಯ ಮೇವು ಇವುಗಳ ನೆನಪು ಮೂರು ತಿಂಗಳ ಮೇಲೆ ಯಾರಿಗಿರುತ್ತದೆಯೋ ಅಂಥವರನ್ನು ಹುಡುಕಬೇಕು.

ನಮ್ಮ ದೇವಸ್ಥಾನದಲ್ಲಿ ನಿಧಿ ಸಂಗ್ರಹವಾದಾಗಲೂ ಈ ಪ್ರಶ್ನೆಗಳನ್ನು ಕೇಳತಕ್ಕದ್ದೇ. ಕೇಳಿದ ಗೃಹಸ್ಥರ ಮೇಲೆ ನಾವು ಅರ್ಚಕರ ಮನೆಯವರು ಮುನಿಸಿಕೊಳ್ಳಲಾಗದು. ಜಮಾಖರ್ಚಿನ ಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿಯೇ ಗೋಡೆಗೆ ಅಂಟಿಸುವುದು ನಮ್ಮ ಕೆಲಸ.