ಮೋಡದ ಪಟ್ಟಣಕ್ಕೆ ಗಾರೆ ಕಲಸಿದವರು

1966ರಲ್ಲಿ ಶುರುವಾಗಿ ಇವತ್ತಿಗೂ ಹೊಸ ಹೊಸ ರೂಪದಲ್ಲಿ ಬರುತ್ತಿರುವ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯಲ್ಲಿ ‘ದ ಕ್ಲೌಡ್ ಮೈಂಡರ್ಸ್’ ಎಂಬ ಕಂತಿದೆ. ಪ್ರಸಾರವಾದದ್ದು 1969ರ ಫೆಬ್ರವರಿಯಲ್ಲಿ. ರಾಯಚೂರು ಕಡೆಯವರು ನೋಡಿದರೆ ಅರ್ಧಕ್ಕೇ ಎದ್ದು ಕೂರುವಂಥ ಕಥೆ. ಸ್ಟ್ರಾಟೋಸ್ ಎಂಬ ಪಟ್ಟಣ ಮೋಡದ ಮೇಲೆ ತೇಲುತ್ತದೆ. ಅಲ್ಲಿ ಕಲೆ, ಚಿಂತನೆ, ನಯವಾದ ಮಾತು. ಕೆಳಗೆ ಟ್ರಾಗ್ಲೈಟರು ಜೆನೈಟ್ ಅದಿರು ತೋಡುತ್ತಾರೆ. ಅವರು ಹುಟ್ಟಾ ಮಂದರು, ಮೇಲಿನ ಬದುಕು ಅವರಿಗೆ ಒಗ್ಗದು ಎನ್ನುತ್ತಾನೆ ಆಳುವ ಪ್ಲೇಸಸ್. ಅಲ್ಲಿಗೆ ಬಂದ ನೌಕೆಯ ಡಾಕ್ಟರ್ ಮೆಕಾಯ್ ಪತ್ತೆ ಮಾಡುವುದೇ ಬೇರೆ: ಗಣಿಯ ಅನಿಲ ಅವರ ಬುದ್ಧಿ ಕುಗ್ಗಿಸಿ ಸಿಟ್ಟು ಕೆರಳಿಸುತ್ತಿದೆ. ಮಾಸ್ಕು ಹಾಕಿದರೆ ಸರಿಹೋಗುತ್ತದೆ.

ಕೀಳುತನ ಹುಟ್ಟಿನಿಂದ ಬರುತ್ತದೆ ಎಂಬ ಸುಳ್ಳನ್ನು ಒಡೆದದ್ದು ಸಣ್ಣ ಕೆಲಸವಲ್ಲ, ಜಾತಿಯ ನಾಡಿನಲ್ಲಿ ಕೂತು ನೋಡುವವರಿಗಂತೂ ಅಲ್ಲವೇ ಅಲ್ಲ. ಆದರೆ ಆ ಸುಳ್ಳು ತೆರವು ಮಾಡಿದ ಜಾಗದಲ್ಲಿ ಕಂತು ತಂದು ಕೂರಿಸಿದ್ದು ಅನಿಲವನ್ನು. ಅನಿಲದ ಮೇಲೆ ದೂರು ಕೊಡಲು ಬರುವುದಿಲ್ಲ. ಅದಿರು ಯಾರದು, ಮೇಲಿನ ಮನೆಗಳಲ್ಲಿ ಇರುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗಳು ಅಲ್ಲಿಗೇ ನಿಂತುಹೋಗುತ್ತವೆ. ಮೂಲಕಥೆ ಕೊಟ್ಟವರಲ್ಲೊಬ್ಬನಾದ ಡೇವಿಡ್ ಜೆರಾಲ್ಡ್‌ಗೂ ಈ ಮುಕ್ತಾಯ ಹಿಡಿಸಲಿಲ್ಲ.

ಸಿಟ್ಟಿನ ವಿಷಯದಲ್ಲಂತೂ ಕಂತು ತನ್ನ ಕಾಲಿಗೆ ತಾನೇ ತೊಡರುತ್ತದೆ. ಸಿಟ್ಟು ಅನಿಲದ ಲಕ್ಷಣವಾದರೆ ದಂಗೆ ಏಳಬೇಕಾದವರು ಗಣಿಯಲ್ಲೇ ಇದ್ದವರು. ಎದ್ದವರು ಯಾರು? ಪ್ಲೇಸಸ್‌ನ ಮನೆಯಲ್ಲೇ ಚಾಕರಿ ಮಾಡಿದ್ದ ವಾನ್ನಾಳಂಥವರು, ಅನಿಲದಿಂದ ದೂರವಿದ್ದು ತಲೆ ತಿಳಿಯಾದವರು. ಹಾಗಾದರೆ ಸಿಟ್ಟು ರೋಗವೋ, ರೋಗ ಬಿಟ್ಟ ಮೇಲೆ ಬಂದ ಅರಿವೋ?

ನಮ್ಮಲ್ಲಿ ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ಸಮಿತಿಯ ವರದಿ 35 ಸೂಚಕಗಳನ್ನು ಹಿಡಿದು ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದ 39ರಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಅಳತೆ ಬೇಕಿತ್ತು, ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟು ಬಂದ ಸಂವಿಧಾನದ 371ಜೆ ವಿಧಿ ಕೂಡ ಬೇಕಾದ ಮಾಸ್ಕೇ. ಆದರೆ ಇಲ್ಲಿನ ಬಿಸಿಲು, ಬರ, ಅನಕ್ಷರತೆ ಎಂದು ಕಾರಣಗಳನ್ನೆಲ್ಲ ಕೆಳಗಿನ ಗಾಳಿಯಲ್ಲೇ ಹುಡುಕುವ ಚಟ ಹೋಗಿಲ್ಲ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಕರೆಂಟು ದೂರ ಹೋಗುತ್ತದೆ, ಬೂದಿ ಊರಲ್ಲೇ ಉಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಕಾದವರನ್ನು ನೋಡಬೇಕು: ಗೋಣಿಚೀಲದಲ್ಲಿ ಪಾತ್ರೆ, ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶಾಲೆ ಬಿಡಿಸಿ ಕರೆತಂದ ಹುಡುಗರು. ಗುಳೆ ಹೊಂಟವರು. ಸ್ಟ್ರಾಟೋಸನ್ನು ತೇಲಿಸಲು ಕಂತಿಗೆ ಏನೋ ಯಂತ್ರ ಬೇಕಾಯಿತು. ನಮ್ಮ ಮೋಡದ ಪಟ್ಟಣದ ಹದಿನಾಲ್ಕನೇ ಮಹಡಿಗೆ ಇವರೇ ಗಾರೆ ಹೊರುತ್ತಾರೆ.

ಹಾಗೆಂದು ಎಲ್ಲವನ್ನೂ ಬೆಂಗಳೂರಿನ ತಲೆಗೆ ಕಟ್ಟಿ ನಿರಾಳವಾಗುವುದೂ ಇನ್ನೊಂದು ಅನಿಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಮಾನ್ವಿಯ ಕೆಳಭಾಗದ ರೈತರು ಒಣ ಕಾಲುವೆ ನೋಡುತ್ತ ಕೂರಬೇಕು. ಮ್ಯಾಲಿನವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ನಮ್ಮ ಓಣಿಯಲ್ಲೂ.

ವಾನ್ನಾ ಮಾಸ್ಕನ್ನು ನಂಬುವುದಿಲ್ಲ, ಅದನ್ನು ತಂದ ನೌಕೆಯ ಕ್ಯಾಪ್ಟನ್ ಕರ್ಕ್‌ನನ್ನೇ ಒತ್ತೆ ಹಿಡಿಯುತ್ತಾಳೆ. ಕಂತಿನ ಪ್ರಕಾರ ಅದು ಅವಿವೇಕ. ನಂಜುಂಡಪ್ಪ ಸಮಿತಿ ರಾಯಚೂರಿಗೆ ಹೇಳಿದ್ದ ಐಐಟಿ ಧಾರವಾಡದ ಪಾಲಾದದ್ದನ್ನು ಕಂಡವರು, 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ರಾಯಚೂರಿನಲ್ಲಿ ಧರಣಿ ಕೂತು ಸಾವಿರ ದಿನ ದಾಟಿದರೂ ಏಳದವರು, ಅವಳ ಅಪನಂಬಿಕೆಯನ್ನು ಕಾಯಿಲೆ ಎನ್ನಲಿಕ್ಕಿಲ್ಲ.